ಚಿತ್ತೆ, ಸ್ವಾತಿ ಮಳೆ ಕೆಸರಿಗೆ ಎಂಟಿಬಿ (ಮೌಂಟನ್ ಬೈಕ್) ಟೈರು: ಪೂರಾ ಮಡ್ ಟೈರೇ ಬೇಕಾ?

ಏರಿಮೇಲಿನ ಸೈಕಲ್ (ಚಿಕ್ಕಬಳ್ಳಾಪುರ)

ಎಲ್ಲರಿಗೂ ನಮಸ್ಕಾರ. ಉತ್ತೆ ಮಳೆ ಹಿಡಿದಾಗಿನಿಂದ ವಿಶಾಖ ಮುಗಿಯುವ ತನಕ, ಆಮೇಲೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಎರಡು ಮೂರು ದಿನ ಹಿಡಿಯುವ ಜಡಿಮಳೆಗೂ ಆಗಬೇಕು, ಅಂಥ ಟೈರು ಹುಡುಕುತ್ತಿದ್ದೇನೆ. ಹೆಚ್ಚುಕಡಿಮೆ ಸೆಪ್ಟೆಂಬರ್ ಮಧ್ಯದಿಂದ ಡಿಸೆಂಬರ್ ಮೊದಲ ವಾರದವರೆಗೆ.

ಸೈಕಲ್ 29 ಇಂಚಿನ ಹಾರ್ಡ್‌ಟೇಲ್ (ಹಿಂದೆ ಸಸ್ಪೆನ್ಷನ್ ಇಲ್ಲ), ಮುಂದೆ 100 ಮಿ.ಮೀ. ಸಸ್ಪೆನ್ಷನ್ ಫೋರ್ಕ್. ರಿಮ್ಮಿನ ಒಳ ಅಗಲ 25 ಮಿ.ಮೀ., ಮೇಲೆ ಟ್ಯೂಬ್‌ಲೆಸ್ ರೆಡಿ ಎಂದು ಬರೆದಿದೆ, ಆದರೆ ಈಗ ಓಡುತ್ತಿರುವುದು ಟ್ಯೂಬಿನಲ್ಲಿ. ಟೈರು ಸೈಕಲ್ ಜೊತೆಗೇ ಬಂದ 29×2.25 (ಅಗಲ 2.25 ಇಂಚು), ನಡುವಿನ ಬಟನ್, ಅಂದರೆ ನೆಲ ಹಿಡಿಯುವ ರಬ್ಬರಿನ ಉಬ್ಬು, 2 ಮಿ.ಮೀ. ಎತ್ತರವೂ ಇಲ್ಲ. ನನ್ನ ತೂಕ 72 ಕೆ.ಜಿ. ಹಿಂದೆ ಮುಂದೆ ಎರಡಕ್ಕೂ 35 ಪಿಎಸ್‌ಐ ಹಾಕುತ್ತೇನೆ.

ದಾರಿ: ಕಂದವಾರ ಕೆರೆ ಕಡೆಯಿಂದ ಹಿಪ್ಪುನೇರಳೆ, ದ್ರಾಕ್ಷಿ ತೋಟಗಳ ನಡುವಿನ ಬಂಡಿದಾರಿ, ಕಳವಾರದ ಕಡೆ ಬೆಟ್ಟದ ಬುಡ, ನೀಲಗಿರಿ ತೋಪು, ನಡುನಡುವೆ ಹಾಸುಬಂಡೆ. ಒಟ್ಟು 35 ಕಿ.ಮೀ., ಅದರಲ್ಲಿ ಸುಮಾರು 12 ಡಾಂಬರು.

ತೊಂದರೆ ಮೂರು. ಒಂದು, ಕೆಮ್ಮಣ್ಣಿನ ತಿರುವಿನಲ್ಲಿ ಮುಂದಿನ ಚಕ್ರ ಹೇಳದೆ ಕೇಳದೆ ಜಾರುತ್ತದೆ. ಎರಡು, ಕೆರೆ ಅಂಚಿನ ಜೇಡಿಯಲ್ಲಿ ಹಿಂದಿನ ಚಕ್ರಕ್ಕೆ ಮಣ್ಣು ಮೆತ್ತಿ ಚೈನ್‌ಸ್ಟೇ (ಚಕ್ರದ ಎರಡು ಪಕ್ಕದ ಕೆಳಗಿನ ಫ್ರೇಮ್ ಕೊಳವೆ) ನಡುವೆ ಸಿಕ್ಕಿ ನಿಂತೇಬಿಡುತ್ತದೆ. ಮೂರು, ಒದ್ದೆ ಬಂಡೆ. ಎರಡಕ್ಕೂ ಮಡ್ ಟೈರು (ಉದ್ದ, ದೂರದೂರದ ಬಟನ್ನಿನದು) ಹಾಕಿಸಲೇ? 2.4 ತಗೊಳ್ಳಲೋ, ಇಲ್ಲ ಸಣ್ಣದು ಒಳ್ಳೆಯದೋ? ಎರಡೂ ಸೇರಿ ಹತ್ತು ಸಾವಿರದ ಒಳಗೆ ಮುಗಿಯಬೇಕು.

ಮೂರನೇ ಗೇರು (ಚಿಂತಾಮಣಿ)

ದುಡ್ಡು ಬಿಚ್ಚೋ ಮುಂಚೆ ಗಾಳಿ ಬಿಚ್ಚಿ ಸಾರ್. 72 ಕೆ.ಜಿ.ಗೆ 2.25 ಟೈರಲ್ಲಿ 35 ಅಂದ್ರೆ ಡಾಂಬರಿಗೆ ಸರಿ, ಮಣ್ಣಿಗಲ್ಲ. ಟ್ಯೂಬ್ ಇರೋದ್ರಿಂದ ಮುಂದೆ 25, ಹಿಂದೆ 28ಕ್ಕೆ ಇಳಿಸಿ ಒಂದು ಸುತ್ತು ಹೋಗ್ಬನ್ನಿ. ನಿಮ್ಮ ಮೊದಲನೇ ತೊಂದರೆಯಲ್ಲಿ ಅರ್ಧ ಅಲ್ಲೇ ಹೋಗತ್ತೆ. ಅದಕ್ಕಿಂತ ಕೆಳಗೆ ಇಳಿಸಿದ್ರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಪಕ್ಕಪಕ್ಕ ಎರಡು ಸೀಳು ಬೀಳತ್ತೆ, ಹುಷಾರು.

ಇನ್ನೊಂದು. ಗಾಳಿ ನೋಡೋಕೆ ಪಂಪಿನ ಮೇಲಿರೋ ಮುಳ್ಳು ನಂಬಬೇಡಿ. 160ರವರೆಗೆ ಗೆರೆ ಇರೋ ಪಂಪು 30ರ ಕೆಳಗೆ ಬಾಯಿಗೆ ಬಂದದ್ದು ತೋರಿಸತ್ತೆ. ಸಣ್ಣ ಡಿಜಿಟಲ್ ಗೇಜ್ ಒಂದು ತಗೊಳ್ಳಿ, ಟೈರಿಗೆ ಹಾಕೋ ದುಡ್ಡಿನ ಮುಂದೆ ಅದು ಏನೂ ಅಲ್ಲ.

ಕಲ್ಲುಬಂಡೆ (ತುಮಕೂರು)

ಗಾಳಿಯ ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ 2 ಮಿ.ಮೀ. ಬಟನ್ನಿಗೆ ಎಷ್ಟೇ ಗಾಳಿ ಇಳಿಸಿದರೂ ಒದ್ದೆ ಕೆಮ್ಮಣ್ಣಿನ ಒಳಗೆ ಇಳಿಯಲು ಏನೂ ಇಲ್ಲ. ಹಾಗಾಗಿ ಟೈರು ಬೇಕು. ಪ್ರಶ್ನೆ ಎಂಥದ್ದು ಎನ್ನುವುದು ಮಾತ್ರ.

ಮೊದಲು ಮಣ್ಣು ನೋಡಿ. ಮಡ್ ಟೈರಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಓದುವುದೆಲ್ಲ ಇಂಗ್ಲೆಂಡಿನಂಥ ಕಡೆಯ ಮಾತು. ಅಲ್ಲಿ ಚಳಿಗಾಲವಿಡೀ ನೆಲ ಆಳದವರೆಗೆ ಮೆತ್ತಗಿರುತ್ತದೆ, ಉದ್ದ ಬಟನ್ ಅದನ್ನು ಸೀಳಿಕೊಂಡು ಕೆಳಗೆ ಇಳಿದು ಹಿಡಿಯುತ್ತದೆ. ನಮ್ಮ ಮೂರೂ ಜಿಲ್ಲೆಗಳಲ್ಲಿ ಅಂಥ ನೆಲ ಕಡಿಮೆ. ನಿಮ್ಮ 35 ಕಿ.ಮೀ.ನಲ್ಲೇ ನಾಲ್ಕು ಥರ ಇದೆ:

ಗರಸು ಬೆರೆತ ಕೆಮ್ಮಣ್ಣು. ಬೆಟ್ಟದ ಬುಡದಲ್ಲೆಲ್ಲ ಇದೇ. ಮಳೆ ನಿಂತ ಮೂರು ನಾಲ್ಕು ಗಂಟೆಗೆ ನೀರು ಬಸಿದು ಹೋಗುತ್ತದೆ. ಮೇಲೆ ಒಂದೆರಡು ಸೆಂಟಿಮೀಟರ್ ಮೆತ್ತಗೆ, ಕೆಳಗೆ ಗಟ್ಟಿ. ಇದಕ್ಕೆ 4 ರಿಂದ 5 ಮಿ.ಮೀ. ಬಟನ್ ಧಾರಾಳ.

ಕೆರೆಯ ಗೋಡು, ಜೇಡಿ. ಎಚ್.ಎನ್. ವ್ಯಾಲಿ ನೀರು (ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು) ಹರಿಯತೊಡಗಿದ ಮೇಲೆ ನಿಮ್ಮ ಕಡೆ ಕೆರೆ ಅಂಚು ಬೇಸಿಗೆಯಲ್ಲೂ ಹಸಿ ಇರಬಹುದು. ಜೇಡಿ ಅತಿ ಹೆಚ್ಚು ಅಂಟುವುದು ಜೋರು ಮಳೆಯಲ್ಲಲ್ಲ, ಮಳೆ ನಿಂತು ಅರ್ಧ ಆರಿ ರೊಟ್ಟಿ ಹಿಟ್ಟಿನ ಹದಕ್ಕೆ ಬಂದಾಗ. ನೀರು ಹೆಚ್ಚಿದ್ದರೆ ಅದು ತೆಳ್ಳಗಾಗಿ ಟೈರಿನಿಂದ ಹರಿದು ಹೋಗುತ್ತದೆ, ಪೂರ್ತಿ ಒಣಗಿದರೆ ಅಂಟುವುದೇ ಇಲ್ಲ. ಈ ನಡುವಿನ ಹದದಲ್ಲಿ ಯಾವ ಕಂಪನಿಯ ಯಾವ ಟೈರೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಬಟನ್ನುಗಳ ನಡುವಿನ ಮಣ್ಣು ಹಾರಿಹೋಗಬೇಕಾದರೆ ಚಕ್ರಕ್ಕೆ ವೇಗ ಬೇಕು. ಗಂಟೆಗೆ 8 ಕಿ.ಮೀ.ನಲ್ಲಿ ಏರು ತುಳಿಯುವಾಗ ಎಷ್ಟು ಅಗಲ ಸಂದಿದ್ದರೂ ತುಂಬಿಕೊಳ್ಳುತ್ತದೆ.

ಹಾಸುಬಂಡೆ. ಮಡ್ ಟೈರು ಕೈಕೊಡುವುದು ಇಲ್ಲಿ. ಉದ್ದ, ಸಣ್ಣ, ದೂರದೂರದ ಬಟನ್ನುಗಳು ಕಲ್ಲಿನ ಮೇಲೆ ನಿಂತಾಗ ನೆಲಕ್ಕೆ ತಾಗುವ ರಬ್ಬರು ತೀರಾ ಕಡಿಮೆ, ಜೊತೆಗೆ ಪ್ರತಿ ಬಟನ್ನೂ ಬುಡದಿಂದ ವಾಲುತ್ತದೆ. ಒದ್ದೆ ಕಲ್ಲಿನಲ್ಲಿ ಬಟನ್ನಿನ ಎತ್ತರಕ್ಕಿಂತ ರಬ್ಬರು ಎಷ್ಟು ಮೆತ್ತಗಿದೆ ಎನ್ನುವುದೇ ಮುಖ್ಯ. ಬೂದು ಬಣ್ಣದ ಬರಿಯ ಬಂಡೆ ಒದ್ದೆಯಾದರೂ ಉಪ್ಪುಕಾಗದದ ಹಾಗೆ ಹಿಡಿಯುತ್ತದೆ. ಕಪ್ಪು, ಹಸಿರು ಪಾಚಿ ಕಟ್ಟಿದ್ದರೆ ಯಾವ ಟೈರೂ ಹಿಡಿಯುವುದಿಲ್ಲ. ಅಲ್ಲಿ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ, ಸೈಕಲ್ ನೆಟ್ಟಗಿಟ್ಟುಕೊಂಡು ದಾಟಿಬಿಡಿ.

ನಾಲ್ಕನೆಯದು ಡಾಂಬರು. ಮೆತ್ತನೆ ರಬ್ಬರಿನ ಉದ್ದ ಬಟನ್ 12 ಕಿ.ಮೀ. ಡಾಂಬರಿನಲ್ಲಿ ಗೊರಗೊರ ಎನ್ನುತ್ತದೆ, ಕಾಲು ಸೋಲಿಸುತ್ತದೆ, ಹಿಂದಿನ ಟೈರಂತೂ ಒಂದೇ ಸೀಸನ್ನಿಗೆ ಬೋಳು.

ಆದ್ದರಿಂದ ಎರಡಕ್ಕೂ ಮಡ್ ಟೈರು ಬೇಡ. ಮುಂದಕ್ಕೆ ದೊಡ್ಡ ಬಟನ್, ಮೆತ್ತನೆ ರಬ್ಬರು. ಹಿಂದಕ್ಕೆ ಸಣ್ಣ ಬಟನ್, ನಡುವೆ ಒಳ್ಳೆ ಸಂದು, ಗಟ್ಟಿ ರಬ್ಬರು. ಮುಂದಿನ ಚಕ್ರ ಜಾರಿದರೆ ಬಿದ್ದಂತೆಯೇ, ಹಿಂದಿನದು ಜಾರಿದರೆ ಸೊಂಟ ಆಡಿಸಿ ಸರಿಮಾಡಿಕೊಳ್ಳಬಹುದು. ಒಂದೇ ಟೈರಿಗೆ ದುಡ್ಡಿದ್ದರೆ ಕಣ್ಣುಮುಚ್ಚಿ ಮುಂದಿನದು ಹಾಕಿಸಿ.

ಮುಂದಕ್ಕೆ: ಶ್ವಾಲ್ಬೆ ಮ್ಯಾಜಿಕ್ ಮೇರಿ, ಆಡಿಕ್ಸ್ ಸಾಫ್ಟ್ ರಬ್ಬರಿನದು, ಅಂದರೆ ನಡುವೆ ಕಿತ್ತಳೆ ಗೆರೆ ಇರುವುದು. ಅದೇ ಕಂಪನಿಯಲ್ಲಿ ನೇರಳೆ ಗೆರೆ ಇನ್ನೂ ಮೆತ್ತಗೆ, ನೀಲಿ ಗಟ್ಟಿ, ಕೆಂಪು ಅದಕ್ಕಿಂತ ಗಟ್ಟಿ. ಅಂಗಡಿಯಲ್ಲಿ ಹೆಸರು ಕೇಳಿ ತಂದುಬಿಡಬೇಡಿ, ಗೆರೆ ನೋಡಿ. ಮೇರಿ ಸಿಗದಿದ್ದರೆ ಮ್ಯಾಕ್ಸಿಸ್ ಮಿನಿಯನ್ ಡಿಎಚ್‌ಎಫ್ 29×2.3, 3ಸಿ ಮ್ಯಾಕ್ಸ್‌ಟೆರ್ರಾ ರಬ್ಬರಿನದು. ಇದರಲ್ಲಿ ಡ್ಯೂಯಲ್ ಎಂದು ಬರೆದದ್ದು ಅಗ್ಗ, ಆದರೆ ರಬ್ಬರು ಗಟ್ಟಿ, ಒದ್ದೆ ಬಂಡೆಗೆ ಆಗದು. ಡಬ್ಲ್ಯುಟಿ ಎಂದು ಬರೆದ 2.4, 2.5 ಮಾದರಿಗಳನ್ನು ಬಿಡಿ. ಅವು 30 ರಿಂದ 35 ಮಿ.ಮೀ. ಒಳ ಅಗಲದ ರಿಮ್ಮಿಗೆ ಮಾಡಿದವು. ನಿಮ್ಮ 25ರ ರಿಮ್ಮಿನಲ್ಲಿ ಟೈರು ದುಂಡಗಾಗಿ ಪಕ್ಕದ ಬಟನ್ನುಗಳು ರಿಮ್ಮಿನ ಕಡೆಗೆ ಜಾರಿ ನಿಲ್ಲುತ್ತವೆ, ತಿರುವಿನಲ್ಲಿ ತಡವಾಗಿ ನೆಲ ಮುಟ್ಟುತ್ತವೆ.

ಹಿಂದಕ್ಕೆ: ಶ್ವಾಲ್ಬೆ ರಾಕೆಟ್ ರಾನ್ 29×2.25. ಬಟನ್ ಸಣ್ಣವು, ಬಿಡಿಬಿಡಿ, ಅಂಟುಮಣ್ಣು ಬೇಗ ಉದುರುತ್ತದೆ. ದೋಷವೆಂದರೆ ಡಾಂಬರಿನಲ್ಲಿ ಬೇಗ ಸವೆಯುತ್ತದೆ. ಅದು ಬೇಡವೆಂದರೆ ನಾಬಿ ನಿಕ್. ಹೆಚ್ಚು ಬಾಳಿಕೆ, ಮಣ್ಣು ಉದುರುವುದು ಸ್ವಲ್ಪ ನಿಧಾನ.

ಅಸಲಿ ಮಡ್ ಟೈರುಗಳಾದ ಮ್ಯಾಕ್ಸಿಸ್ ಶಾರ್ಟಿ, ಕಾಂಟಿನೆಂಟಲ್ ಹೈಡ್ರೋಟಾಲ್ ಕೆಟ್ಟವಲ್ಲ, ಆದರೆ ಬೇರೆ ಕೆಲಸಕ್ಕೆ ಹುಟ್ಟಿದವು. ಹೈಡ್ರೋಟಾಲ್ ಇಳಿಜಾರು ರೇಸಿನದು, ಹಾರ್ಡ್‌ಟೇಲಿಗೆ ಹಾಕಿದರೆ ಒನಕೆಗೆ ಬಂಗಾರದ ಕಟ್ಟು ಹಾಕಿದ ಹಾಗೆ.

ನೆಗ್ಗಿಲುಮುಳ್ಳು (ಕೋಲಾರ)

ಕಲ್ಲುಬಂಡೆ ಸರ್ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಮುಳ್ಳು! ನಮ್ಮ ಕಡೆ ಟೈರು ಮಾತಾಡಿ ಮುಳ್ಳಿನ ಮಾತಾಡದಿದ್ರೆ ಮದುವೆಗೆ ಹೋಗಿ ಊಟ ಬಿಟ್ಟು ಬಂದಂಗೆ. ಮಳೇಲಿ ಪಂಕ್ಚರ್ ಕಡಿಮೆ ಅಂತ ತುಂಬ ಜನ ಅನ್ಕೊಂಡಿದಾರೆ, ಉಲ್ಟಾ. ಒದ್ದೆ ರಬ್ಬರನ್ನ ಮುಳ್ಳು, ಗಾಜು ಸಲೀಸಾಗಿ ಕೊಯ್ಯತ್ತೆ, ನೀರೇ ಎಣ್ಣೆ ಥರ ಕೆಲಸ ಮಾಡತ್ತೆ. ತೋಟದ ಬೇಲಿಗೆ ಕಡಿದು ಹಾಕಿರೋ ಜಾಲಿ ಮುಳ್ಳು ಹರಿಯೋ ನೀರಲ್ಲಿ ಬಂಡಿದಾರಿಗೆ ಬಂದು ಕೆಸರೊಳಗೆ ಕೂತಿರತ್ತೆ, ಕಣ್ಣಿಗೆ ಕಾಣಲ್ಲ.

ಹಾಗಾಗಿ ಹೊಸ ಟೈರು ಹಾಕೋದಾದ್ರೆ ಅದೇ ದಿನ ಟ್ಯೂಬ್‌ಲೆಸ್ ಮಾಡಿಬಿಡಿ. ರಿಮ್ ರೆಡಿ ಇದೆಯಲ್ಲ. ಟೈರೂ ಟ್ಯೂಬ್‌ಲೆಸ್‌ದೇ ಆಗಿರಬೇಕು, ಮಡಚಿ ಡಬ್ಬದಲ್ಲಿ ಬರೋ ಥರದ್ದು. ಅಂಚಲ್ಲಿ ಉಕ್ಕಿನ ತಂತಿ ಇರೋ ಅಗ್ಗದ ಟೈರಿಗೆ ಈ ಕೆಲಸ ಬೇಡ.

ಮಾಡೋ ಕ್ರಮ:

1. ಟ್ಯೂಬು, ಹಳೇ ರಿಮ್ ಪಟ್ಟಿ ತೆಗೀರಿ. ರಿಮ್ ಒಳಗೆ ಸ್ಪಿರಿಟ್‌ನಲ್ಲಿ ಒರೆಸಿ. ಜಿಡ್ಡು ಉಳಿದ್ರೆ ಟೇಪ್ ಏಳತ್ತೆ.

2. ನಿಮ್ಮ 25ರ ರಿಮ್ಮಿಗೆ 27 ಇಲ್ಲಾ 28 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೇಪ್. ವಾಲ್ವ್ ತೂತಿನ ಹತ್ತಿರದಿಂದ ಶುರು ಮಾಡಿ, ಬಿಗಿಯಾಗಿ ಎಳೀತಾ ಒಂದು ಸುತ್ತು, ಕೊನೆಗೆ 10 ಸೆಂ.ಮೀ. ಮೇಲೆ ಮೇಲೆ ಬರಲಿ. ಗುಳ್ಳೆ ಇದ್ರೆ ಬಟ್ಟೆ ಇಟ್ಟು ಹೆಬ್ಬೆರಳಲ್ಲಿ ಒತ್ತಿ. ಎಲೆಕ್ಟ್ರಿಕ್ ಟೇಪ್ ಸುತ್ತಬೇಡಿ.

3. ವಾಲ್ವ್ ತೂತಿಗೆ ಬ್ಲೇಡಲ್ಲಿ ಕೊಯ್ಬೇಡಿ, ಸೀಳು ಬೆಳೆಯತ್ತೆ. ದಬ್ಬಳ ಕಾಯಿಸಿ ಚುಚ್ಚಿ. ವಾಲ್ವ್ ನಟ್ ಕೈಯಲ್ಲಷ್ಟೇ ಬಿಗಿ ಮಾಡಿ. ಪ್ಲೈಯರ್ ಹಾಕಿದ್ರೆ ದಾರೀಲಿ ಟ್ಯೂಬ್ ಹಾಕಬೇಕಾದಾಗ ಬಿಚ್ಚೋಕಾಗಲ್ಲ.

4. ಟೈರಿನ ಪಕ್ಕ ಬಾಣದ ಗುರುತು ನೋಡ್ಕೊಂಡು ಹಾಕಿ. ಎರಡೂ ಅಂಚಿಗೆ ಸೋಪು ನೀರು ಹಚ್ಚಿ. ವಾಲ್ವ್ ಒಳಗಿನ ಪಿನ್ನು ತೆಗೆದು ಗಾಳಿ ಹಾಕಿ. ಮನೆ ಪಂಪಲ್ಲಿ ಆಗದಿದ್ರೆ ಪಂಕ್ಚರ್ ಅಂಗಡಿ ಕಂಪ್ರೆಸರ್. ಅವರ ನಳಿಗೆ ಬೈಕ್ ವಾಲ್ವಿಗೆ ಕೂರೋದು, ಸಣ್ಣ ಪ್ರೆಸ್ಟಾ ವಾಲ್ವಿಗೆ ಹಿತ್ತಾಳೆ ಅಡಾಪ್ಟರ್ ಬೇಕು. ಅಡಾಪ್ಟರ್ ಕೂರೋದು ಪಿನ್ ಮೇಲೇನೇ, ಹಾಗಾಗಿ ಅಲ್ಲಿಗೆ ಹೋಗೋವಾಗ ಪಿನ್ನು ವಾಪಸ್ ಹಾಕ್ಕೊಂಡು ಹೋಗಿ. ಟಪ್ ಟಪ್ ಅಂತ ಸದ್ದು ಬಂದು ಅಂಚು ಕೂರತ್ತೆ. ಟೈರು, ರಿಮ್ ಮೇಲೆ ಬರೆದಿರೋ ಗರಿಷ್ಠ ಗಾಳಿ ಮೀರಬೇಡಿ. ಕಂಪ್ರೆಸರ್ ಹುಡುಗ ಬೈಕಿನ ಲೆಕ್ಕದಲ್ಲಿ ಬಿಟ್ಟುಬಿಡ್ತಾನೆ, ಪಕ್ಕದಲ್ಲೇ ನಿಂತಿರಿ.

5. ಟೈರಿನ ಸುತ್ತ ರಿಮ್ ಹತ್ತಿರ ಒಂದು ತೆಳು ಗೆರೆ ಇರತ್ತೆ. ಅದು ಎಲ್ಲಾ ಕಡೆ ಒಂದೇ ಸಮ ಕಾಣಬೇಕು. ಎಲ್ಲಾದ್ರೂ ರಿಮ್ ಒಳಗೆ ಮುಳುಗಿದ್ರೆ ಅಲ್ಲಿ ಇನ್ನೂ ಕೂತಿಲ್ಲ.

6. ಗಾಳಿ ಇಳಿಸಿ, ವಾಲ್ವ್ ಮೂಲಕ ಒಂದೊಂದಕ್ಕೆ 100 ಮಿ.ಲೀ. ಲ್ಯಾಟೆಕ್ಸ್ ಸೀಲೆಂಟ್ (ಸಣ್ಣ ತೂತು ತಾನೇ ಮುಚ್ಚೋ ದ್ರವ) ಹಾಕಿ. ಮತ್ತೆ ಗಾಳಿ ಹಾಕಿ, ಚಕ್ರ ಅಲುಗಾಡಿಸಿ, ಪ್ರತಿ ಮಗ್ಗುಲಲ್ಲಿ ಹತ್ತು ನಿಮಿಷ ಅಡ್ಡ ಮಲಗಿಸಿ. ರಾತ್ರಿ ಬಿಟ್ಟು ಬೆಳಗ್ಗೆ ಗಾಳಿ ನೋಡಿ.

ಸ್ಕೂಟರ್ ಟೈರಿಗೆ ಸುರಿಯೋ ಹಸಿರು ದ್ರವ ಹಾಕಬೇಡಿ. ಅದು ಲ್ಯಾಟೆಕ್ಸ್ ಅಲ್ಲ, ಸೈಕಲ್ ಟೈರಿನ ತೆಳು ಪಕ್ಕದ ಸಣ್ಣ ರಂಧ್ರಗಳನ್ನ ಮುಚ್ಚಲ್ಲ, ಭಾರ ಬೇರೆ. ಲ್ಯಾಟೆಕ್ಸ್ ನಮ್ಮ ಹವಾಕ್ಕೆ ಎರಡು ಮೂರು ತಿಂಗಳಲ್ಲಿ ಒಣಗತ್ತೆ. ಉತ್ತೆ ಮಳೆಗೆ ಹಾಕಿದ್ದು ಕಾರ್ತಿಕ ಮುಗಿಯೋ ಹೊತ್ತಿಗೆ ಇರಲ್ಲ ಅಂತ ತಿಳ್ಕೊಳ್ಳಿ, 50 ಮಿ.ಲೀ. ಮತ್ತೆ ಹಾಕಿ.

ದಾರೀಲಿ ಜಾಲಿ ಮುಳ್ಳು ಚುಚ್ಚಿದ್ದು ಕಂಡ್ರೆ ತಕ್ಷಣ ಕೀಳಬೇಡಿ. ಆ ಜಾಗ ಕೆಳಗೆ ಬರೋ ಹಾಗೆ ಚಕ್ರ ತಿರುಗಿಸಿ, ಸೀಲೆಂಟ್ ಅಲ್ಲಿ ಶೇಖರ ಆಗಲಿ, ಆಮೇಲೆ ಕೀಳಿ. ನಿಲ್ಲದಿದ್ರೆ ಪ್ಲಗ್ ಬತ್ತಿ. ಹಾಗಂತ ಬಿಡಿ ಟ್ಯೂಬ್ ಮನೇಲಿ ಬಿಟ್ಟು ಹೋಗಬೇಡಿ. ಟ್ಯೂಬ್ ಹಾಕೋ ಮುಂಚೆ ಟೈರೊಳಗೆ ಕೈ ಆಡಿಸಿ, ಅಲ್ಲಿ ಮುರಿದು ಕೂತಿರೋ ಮುಳ್ಳುಗಳು ಹೊಸ ಟ್ಯೂಬ್‌ನ ಐದು ನಿಮಿಷ ಬಿಡಲ್ಲ.

ಮೂರನೇ ಗೇರು (ಚಿಂತಾಮಣಿ)

ಕೆಸರಿಗೆ ಸಣ್ಣ ಟೈರೇ ಒಳ್ಳೇದು, ಕೆಳಗಿನ ಗಟ್ಟಿ ನೆಲ ಮುಟ್ಟತ್ತೆ ಅಂತ ಕೇಳಿದ್ದೆ. ಹಾಗಿದ್ರೆ ಮುಂದಿನ ಚಕ್ರಕ್ಕೂ 2.0 ಹಾಕಬಾರದಾ?

ಕಲ್ಲುಬಂಡೆ (ತುಮಕೂರು)

ಕೆಳಗೆ ಗಟ್ಟಿ ನೆಲ ಇದ್ದು ಮೇಲೆ ನಾಲ್ಕೈದು ಸೆಂಟಿಮೀಟರ್ ತೆಳ್ಳನೆ ಕೆಸರಿದ್ದರೆ ನಿಜ. ಕೆರೆಯ ಗೋಡಿನಲ್ಲಿ ಸಣ್ಣ ಟೈರು ಗಟ್ಟಿ ನೆಲ ಹುಡುಕುತ್ತ ಇಳಿಯುತ್ತಲೇ ಹೋಗುತ್ತದೆ. ಬಂಡೆಗೆ 2.0 ಹಾಕಿದರೆ ಗಾಳಿ ಏರಿಸಬೇಕು, ಇಲ್ಲವಾದರೆ ರಿಮ್ ಬಡಿಯುತ್ತದೆ. ಗಾಳಿ ಏರಿದರೆ ಹಿಡಿತ ಹೋಯಿತು. ಸಣ್ಣ ಟೈರಿನ ನಿಜವಾದ ಲಾಭ ಹಿಂದಿನ ಚಕ್ರಕ್ಕೆ: ಚೈನ್‌ಸ್ಟೇ ನಡುವೆ ಜಾಗ ಸಿಗುತ್ತದೆ.

ಅದನ್ನೇ ಕೇಳಬೇಕೆಂದಿದ್ದೆ, ಏರಿಮೇಲಿನವರೇ, ಕೊಳ್ಳುವ ಮುಂಚೆ ಜಾಗ ಅಳೆಯಿರಿ. ಈಗಿನ ಟೈರಿಗೆ ಗಾಳಿ ತುಂಬಿ, ಅತಿ ಹೆಚ್ಚು ಹೊರಗೆ ಚಾಚಿದ ಪಕ್ಕದ ಬಟನ್ನಿಗೂ ಚೈನ್‌ಸ್ಟೇಗೂ ನಡುವೆ ಅಲೆನ್ ಕೀ ತೂರಿಸಿ. 6 ಮಿ.ಮೀ. ಕೀ ಎರಡೂ ಕಡೆ ಸಲೀಸಾಗಿ ಹೋಗಬೇಕು, 8 ಹೋದರೆ ಇನ್ನೂ ಒಳ್ಳೆಯದು. ಕೆಳಗೆ ಚೈನ್‌ಸ್ಟೇ ಕೂಡುವ ಜಾಗ, ಮೇಲೆ ಸೀಟ್‌ಸ್ಟೇ (ಸೀಟಿನ ಕಡೆಯಿಂದ ಹಿಂದಿನ ಆಕ್ಸಲಿಗೆ ಇಳಿಯುವ ಕೊಳವೆಗಳು) ಸೇತುವೆ, ಮುಂದೆ ಫೋರ್ಕಿನ ಕಮಾನು, ಮೂರೂ ನೋಡಿ. ಮುಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವುದು) ಇದ್ದರೆ ಅದರ ಹಿಂದೆಯೂ. ಮಣ್ಣು ಮೊದಲು ಗೂಡು ಕಟ್ಟುವುದು ಅಲ್ಲೇ. ಟೈರಿನ ಮೇಲೆ 57-622 ಎಂದು ಅಚ್ಚಾಗಿರುತ್ತದೆ: 57 ಮಿ.ಮೀ. ಅಗಲ, 622 ರಿಮ್ಮಿನ ಅಳತೆ. ಆದರೆ ನಿಜವಾದ ಅಗಲ ರಿಮ್ಮಿನ ಮೇಲೆ ಒಂದೆರಡು ಮಿ.ಮೀ. ಹೆಚ್ಚುಕಡಿಮೆ. ಹೊಸ ಟೈರು ಹಾಕಿ ಒಂದು ದಿನ ಬಿಟ್ಟ ಮೇಲೆ ಸ್ವಲ್ಪ ಹಿಗ್ಗುತ್ತದೆ, ಆಗ ಅಳೆದದ್ದೇ ಲೆಕ್ಕ.

ಏರಿಮೇಲಿನ ಸೈಕಲ್ (ಚಿಕ್ಕಬಳ್ಳಾಪುರ)

ಅಳೆದೆ. ಫೋರ್ಕಿನಲ್ಲಿ 8ರ ಕೀ ಆಚೀಚೆ ಸಡಿಲವಾಗಿ ಹೋಗುತ್ತದೆ. ಹಿಂದೆ ಚೈನ್‌ಸ್ಟೇನಲ್ಲಿ 5 ಹೋಗುತ್ತದೆ, 6 ಚೈನಿನ ಕಡೆ ಉಜ್ಜುತ್ತದೆ. ಟೈರಿನ ಮೇಲೆ 57-622, ವರ್ನಿಯರ್ ಇಟ್ಟರೆ ಬಟನ್ ಸೇರಿ 56. ಹಿಂದಿನ ಚಕ್ರ ತಿರುಗುವಾಗ ಆಚೀಚೆ ಓಲಾಡುತ್ತಿಲ್ಲ. ರಾಕೆಟ್ ರಾನ್ 2.25 ಹಾಕಿದರೆ ಮತ್ತೆ ಅದೇ ಕಥೆ ಆಗುವುದಿಲ್ಲವೇ? ಹಾಗೇ ಟ್ಯೂಬ್‌ಲೆಸ್‌ಗೆ ಗಾಳಿ ಎಷ್ಟು?

ಕಲ್ಲುಬಂಡೆ (ತುಮಕೂರು)

ಆಗುತ್ತದೆ. ನಿಮ್ಮ ಫ್ರೇಮಿಗೆ ಹಿಂದೆ 2.1 ತನಕ ಮಾತ್ರ. ಅಗಲ 53ರ ಆಸುಪಾಸಿಗೆ ಇಳಿದರೆ ಪ್ರತಿ ಮಗ್ಗುಲಿಗೆ ಒಂದೂವರೆ ಮಿ.ಮೀ. ಸಿಕ್ಕಿ ಆರೂವರೆ ಆಗುತ್ತದೆ. ಕೇಳಲು ಕಡಿಮೆ, ಆದರೆ ಗೋಡಿನಲ್ಲಿ ಚಕ್ರ ತಿರುಗುವುದಕ್ಕೂ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಮೊದಲು ರಿಮ್ ನಡುವಿಗೆ ಇದೆಯೇ ನೋಡಿಸಿ. ಚೈನಿನ ಕಡೆ ಮಾತ್ರ ಉಜ್ಜುತ್ತಿದ್ದರೆ ಚಕ್ರ ಆ ಕಡೆಗೆ ಕೂತಿದೆ. ಆಕ್ಸಲ್ ಬಿಚ್ಚಿ ನೆಟ್ಟಗೆ ಕೂರಿಸಿದರೂ ಹಾಗೇ ಇದ್ದರೆ ಸ್ಪೋಕ್ ಎಳೆದು ಸರಿಮಾಡಬೇಕು.

ನಿಮಗೆ ಲೆಕ್ಕ ಇಷ್ಟು: ಮುಂದೆ ಡಿಎಚ್‌ಎಫ್ 2.3 ಮ್ಯಾಕ್ಸ್‌ಟೆರ್ರಾ ಅಥವಾ ಕಿತ್ತಳೆ ಗೆರೆಯ ಮೇರಿ, ಹಿಂದೆ ಬಿಡಿಬಿಡಿ ಬಟನ್ನಿನ 2.1. ಹಿಂದಿನದು ಇದೇ ಕಂಪನಿ ಎಂದೇನಿಲ್ಲ. ಬಟನ್ 3 ಮಿ.ಮೀ.ಗಿಂತ ಎತ್ತರ, ನಡುವೆ ಕಿರುಬೆರಳಿನ ತುದಿ ಹಿಡಿಸುವಷ್ಟು ಸಂದು ಇದ್ದರೆ ಸಾಕು. ಬಜೆಟ್ ಮೀರಿದರೆ ಹಿಂದಿನದರಲ್ಲಿ ಉಳಿಸಿ, ಮುಂದಿನದರಲ್ಲಿ ಬೇಡ.

ಗಾಳಿ, 72 ಕೆ.ಜಿ.ಗೆ: ಮುಂದೆ 20, ಹಿಂದೆ 24ರಿಂದ ಶುರು ಮಾಡಿ. ಒಂದೊಂದೇ ಪಿಎಸ್‌ಐ ಇಳಿಸುತ್ತ ಬನ್ನಿ. ತಿರುವಿನಲ್ಲಿ ಟೈರು ಮಡಚಿಕೊಂಡಂತೆ ಅನಿಸಿದರೆ, ಇಲ್ಲವೇ ರಿಮ್ ಕಲ್ಲಿಗೆ ಟಣ್ ಎಂದರೆ ಒಂದೂವರೆ ಏರಿಸಿ ಅಲ್ಲಿಗೆ ನಿಲ್ಲಿಸಿ. ತೀರಾ ಇಳಿದರೆ ಅಂಚು ಒಂದು ಕ್ಷಣ ಬಿಟ್ಟು ಬುಸ್ ಎಂದು ಗಾಳಿಯೂ ಸೀಲೆಂಟೂ ಆಚೆ ಬರುತ್ತವೆ. ಮಧ್ಯಾಹ್ನ ಹಾಕಿದ ಗಾಳಿ ಬೆಳಗಿನ ಚಳಿಗೆ ಹಾಗೇ ಇರುವುದಿಲ್ಲ. 10 ಡಿಗ್ರಿ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ, 20ರಲ್ಲಿ ಅದು ಕೈಗೆ ತಿಳಿಯುವಷ್ಟು. ಹೊರಡುವ ಮುಂಚೆಯೇ ಅಳೆಯಿರಿ.

ಗೋಡಿನಲ್ಲಿ ಚಕ್ರ ಬಿಗಿಯುತ್ತಿದೆ ಎನಿಸಿದ ತಕ್ಷಣ ತುಳಿಯುವುದು ನಿಲ್ಲಿಸಿ. ಮಣ್ಣಿನ ಜೊತೆ ಗರಿಕೆ, ಹುಲ್ಲು ಹಿಂದಿನ ಡಿರೇಲರ್ ಚಕ್ರಗಳಿಗೆ ಸುತ್ತಿಕೊಂಡಿರುತ್ತದೆ. ಜೋರು ಮಾಡಿ ಒಂದು ಸುತ್ತು ತುಳಿದರೆ ಹ್ಯಾಂಗರ್ (ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ತುಂಡು) ಮುರಿದು ಡಿರೇಲರ್ ಸ್ಪೋಕಿನೊಳಗೆ. ಟೈರಿಗಿಂತ ಆ ಖರ್ಚು ದೊಡ್ಡದು. ನಿಮ್ಮ ಫ್ರೇಮಿನ ಹ್ಯಾಂಗರ್ ಒಂದು ಬ್ಯಾಗಿನಲ್ಲಿ ಇರಲಿ. ಕೆರೆ ಪಕ್ಕದ ಹುಲ್ಲಿನ ಅಂಚು ಹಿಡಿದು ಹೋಗಿ; ನೀರು ನಿಂತ ಗುಂಡಿ ಸಿಕ್ಕರೆ ತಪ್ಪಿಸಬೇಡಿ, ಚಕ್ರ ತೊಳೆಯುತ್ತದೆ.

ನೆಗ್ಗಿಲುಮುಳ್ಳು (ಕೋಲಾರ)

ಇನ್ನೆರಡು ಚಿಲ್ಲರೆ ಮಾತು. ಫ್ರೇಮಿನ ಕೆಳಭಾಗ, ಚೈನ್‌ಸ್ಟೇ ಒಳಗೆ ಸಿಲಿಕಾನ್ ಸ್ಪ್ರೇ ಬಟ್ಟೆಗೆ ಹಾಕಿ ಒರೆಸಿ, ಜೇಡಿ ಬೇಗ ಅಂಟಲ್ಲ. ನೇರವಾಗಿ ಸ್ಪ್ರೇ ಹೊಡೀಬೇಡಿ, ಡಿಸ್ಕಿಗೆ ಒಂದು ಹನಿ ಬಿದ್ರೂ ಬ್ರೇಕ್ ಹೋಯ್ತು. ಮಣ್ಣು ಕೆರೆಯೋಕೆ ಕಬ್ಬಿಣ ಬೇಡ, ಐಸ್‌ಕ್ರೀಮ್ ಕಡ್ಡಿ ಇಲ್ಲಾ ಬಿದಿರು ಸೀಳು ಸಾಕು.

ವಾಪಸ್ ಬಂದ ಮೇಲೆ ಕೆಮ್ಮಣ್ಣು ಒಣಗೋಕೆ ಬಿಡಬೇಡಿ, ಇಟ್ಟಿಗೆ ಆಗತ್ತೆ. ಬಕೆಟ್ ನೀರು, ಬ್ರಶ್. ಬೈಕ್ ವಾಟರ್ ಸರ್ವಿಸ್‌ಗೆ ತಳ್ಕೊಂಡು ಹೋಗಿ ಹಬ್ಬಿಗೆ ಪ್ರೆಶರ್ ಹೊಡೆಸಿದ್ರೆ ಬೇರಿಂಗ್ ಒಳಗೆ ನೀರು.

ಆಮೇಲೆ ಮಳೆ ಬಿದ್ದ ವಾರ ಕೆರೆ ಏರಿ ಇಳಿಜಾರಲ್ಲಿ, ರಾಗಿ ಹೊಲದ ಬದು ಮೇಲೆ ಓಡಿಸಬೇಡಿ. ಚಕ್ರದ ಜಾಡು ಬಿದ್ದ ಕಡೆ ಮುಂದಿನ ಮಳೆ ನೀರು ಅದೇ ದಾರಿ ಹಿಡಿದು ಕೊರೆಯತ್ತೆ. ತೆನೆ ಬಾಗಿರೋ ಕಾಲ, ರೈತರು ಬಯ್ಯೋದು ನ್ಯಾಯವೇ.

ಏರಿಮೇಲಿನ ಸೈಕಲ್ (ಚಿಕ್ಕಬಳ್ಳಾಪುರ)

ಸರಿ. ಆಕ್ಸಲ್ ಬಿಚ್ಚಿ ಕೂರಿಸಿದೆ, ಈಗ ಎರಡೂ ಕಡೆ ಐದೂವರೆ ಸಮ ಬಂತು. ಮುಂದಕ್ಕೆ ಡಿಎಚ್‌ಎಫ್ 2.3, ಹಿಂದಕ್ಕೆ 2.1, 28 ಮಿ.ಮೀ. ಟೇಪ್, ಕಾಲು ಲೀಟರ್ ಸೀಲೆಂಟ್, ಹಿತ್ತಾಳೆ ಅಡಾಪ್ಟರ್, ಡಿಜಿಟಲ್ ಗೇಜ್ ಪಟ್ಟಿ ಮಾಡಿಕೊಂಡಿದ್ದೇನೆ. ಹ್ಯಾಂಗರ್‌ಗೆ ಫ್ರೇಮಿನ ಮಾದರಿ ನಂಬರ್ ಬೇಕಂತೆ, ಅದು ಎಲ್ಲಿರುತ್ತದೆ?

ಮೂರನೇ ಗೇರು (ಚಿಂತಾಮಣಿ)

ಸೈಕಲ್ ತಲೆಕೆಳಗೆ ಮಾಡಿ ಪೆಡಲ್ ಬುಡದ ಡಬ್ಬದ ಕೆಳಗೆ ನೋಡಿ, ಅಚ್ಚು ಹಾಕಿರೋದು ಸೀರಿಯಲ್ ನಂಬರ್. ಹ್ಯಾಂಗರ್ ಹುಡುಕೋಕೆ ಅದೊಂದೇ ಸಾಲದು. ಈಗಿರೋ ಹ್ಯಾಂಗರ್ ಬಿಚ್ಚಿ ಪಕ್ಕದಲ್ಲಿ ಸ್ಕೇಲ್ ಇಟ್ಟು ಎರಡೂ ಮುಖದ ಫೋಟೋ ತೆಗೆದು ಇಲ್ಲಿ ಹಾಕಿ. ಬೋಲ್ಟ್ ತೂತಿನ ಸಂಖ್ಯೆ, ನಡುವಿನ ಅಂತರ ನೋಡಿ ಜೋಡಿ ಹೇಳ್ತೀವಿ.